ಜಮೀನಿನ ವಿಸ್ತೀರ್ಣದ ಏಕಮಾನಗಳ ಪರಿವರ್ತನೆ: ಉಡುಪಿ ಜಿಲ್ಲೆಯ ಅರ್ಜಿದಾರರಿಗೆ ಮಾಹಿತಿ

ಉಡುಪಿ ಜಿಲ್ಲೆಯಲ್ಲಿ ಒಂದೇ ಜಮೀನಿನ ವಿಸ್ತೀರ್ಣವು ಪಹಣಿಯಲ್ಲಿ ಎಕರೆ ಮತ್ತು ಸೆಂಟ್ಸ್‌ಗಳಲ್ಲಿಯೂ, ಗ್ರಾಮ ಪಂಚಾಯತಿಯ ಇ-ಸ್ವತ್ತು ನಮೂನೆಯಲ್ಲಿ ಚದರ ಮೀಟರ್‌ಗಳಲ್ಲಿಯೂ, ಖರೀದಿಯ ಕರಾರಿನಲ್ಲಿ ಚದರ ಅಡಿಗಳಲ್ಲಿಯೂ, ಹೆದ್ದಾರಿಗಾಗಿ ಹೊರಡಿಸುವ ಭೂಸ್ವಾಧೀನ ಅಧಿಸೂಚನೆಯಲ್ಲಿ ಹೆಕ್ಟೇರ್ ಅಥವಾ ಚದರ ಮೀಟರ್‌ಗಳಲ್ಲಿಯೂ ನಮೂದಾಗಿರುವುದನ್ನು ಕಾಣಬಹುದು. ಅರ್ಜಿಯಲ್ಲಿ ಬರೆದ ವಿಸ್ತೀರ್ಣವು ಲಗತ್ತಿಸಿದ ದಾಖಲೆಗೆ ತಾಳೆಯಾಗದಿದ್ದಲ್ಲಿ ಅರ್ಜಿಯು ಸ್ಪಷ್ಟೀಕರಣಕ್ಕಾಗಿ ಹಿಂತಿರುಗುತ್ತದೆ. ಅದಕ್ಕಿಂತಲೂ ಹೆಚ್ಚು ತೊಂದರೆಯದು, ತಪ್ಪು ಅಂಕಿಯು ಯಾರ ಗಮನಕ್ಕೂ ಬಾರದೆ ನೋಂದಾಯಿತ ದಸ್ತಾವೇಜಿನಲ್ಲಿ ಉಳಿದುಬಿಡುವುದು. ಅಂತಹ ಸಂದರ್ಭದಲ್ಲಿ ಉಭಯ ಪಕ್ಷದವರೂ ಮತ್ತೊಮ್ಮೆ ಉಪನೋಂದಣಾಧಿಕಾರಿಗಳ ಕಚೇರಿಗೆ ಹಾಜರಾಗಿ ತಿದ್ದುಪಡಿ ಪತ್ರವನ್ನು ನೋಂದಾಯಿಸಬೇಕಾಗುತ್ತದೆ. ಉಡುಪಿ, ಮಣಿಪಾಲ, ಕಾಪು ಮತ್ತು ಕಾರ್ಕಳ ಪ್ರದೇಶದ ಅರ್ಜಿದಾರರ ಅನುಕೂಲಕ್ಕಾಗಿ ಪರಿವರ್ತನೆಯ ಸರಿಯಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಬಳಕೆಯಲ್ಲಿರುವ ಏಕಮಾನಗಳು

1 ಎಕರೆ = 100 ಸೆಂಟ್ಸ್ = 40 ಗುಂಟೆ = 4,840 ಚದರ ಗಜ = 43,560 ಚದರ ಅಡಿ = 4,046.86 ಚದರ ಮೀಟರ್
1 ಗುಂಟೆ = 16 ಆಣೆ = 2.5 ಸೆಂಟ್ಸ್ = 1,089 ಚದರ ಅಡಿ = 101.17 ಚದರ ಮೀಟರ್
1 ಸೆಂಟ್ = 435.6 ಚದರ ಅಡಿ = 40.4686 ಚದರ ಮೀಟರ್
1 ಆಣೆ = 68.0625 ಚದರ ಅಡಿ
1 ಹೆಕ್ಟೇರ್ = 100 ಆರ್ = 10,000 ಚದರ ಮೀಟರ್ = 2 ಎಕರೆ 47.1 ಸೆಂಟ್ಸ್
1 ಆರ್ = 100 ಚದರ ಮೀಟರ್ = 2.471 ಸೆಂಟ್ಸ್
1 ಚದರ ಮೀಟರ್ = 10.7639 ಚದರ ಅಡಿ

ಜನರ ಮಾತಿನಲ್ಲಿ ‘ಸೆನ್ಸ್’ ಎಂದು ಕೇಳಿಬರುವುದು ಸೆಂಟ್ಸ್ ಎಂಬುದೇ ಆಗಿದೆ. ‘ಆರ್’ ಎಂಬುದು ಒಂದು ಏಕಮಾನವೇ ಹೊರತು ಆರು ಎಂಬ ಸಂಖ್ಯೆಯಲ್ಲ. ಕೈಬರಹದ ಪ್ರತಿಗಳಲ್ಲಿ ಈ ಗೊಂದಲವೂ ಆಗುವುದುಂಟು. ಮನೆ ಕಟ್ಟುವವರು ‘ಹನ್ನೆರಡು ಚದರದ ಮನೆ’ ಎಂದಾಗ ಒಂದು ಚದರವೆಂದರೆ 100 ಚದರ ಅಡಿ, ಅಂದರೆ ಆ ಮನೆಯ ವಿಸ್ತೀರ್ಣ 1,200 ಚದರ ಅಡಿ. ಆದುದರಿಂದ ಅರ್ಜಿಯಲ್ಲಿ ‘12 ಚ.’ ಎಂದು ಮೊಟಕುಗೊಳಿಸದೆ ಏಕಮಾನದ ಹೆಸರನ್ನು ಪೂರ್ಣವಾಗಿ ಬರೆಯತಕ್ಕದ್ದು.

ಅಂಕಿಯ ಜೊತೆಗೆ ಏಕಮಾನವನ್ನೂ ಗುಣಿಸುವುದು

ಪರಿವರ್ತನೆಯಲ್ಲಿ ತಪ್ಪುಗಳು ಬಹುಪಾಲು ಒಂದೇ ಪ್ರಶ್ನೆಯಿಂದ ಹುಟ್ಟುತ್ತವೆ: ಗುಣಿಸಬೇಕೇ, ಭಾಗಿಸಬೇಕೇ? ಇದನ್ನು ನೆನಪಿನಿಂದ ನಿರ್ಧರಿಸುವ ಅಗತ್ಯವಿಲ್ಲ. ವಿಜ್ಞಾನದ ಪಾಠಗಳಲ್ಲಿ ಆಯಾಮ ವಿಶ್ಲೇಷಣೆ ಎಂದು ಕರೆಯಲಾಗುವ ವಿಧಾನದಲ್ಲಿ ಅಂಕಿಯೊಡನೆ ಏಕಮಾನವನ್ನೂ ಬರೆದು, ಎರಡನ್ನೂ ಒಟ್ಟಿಗೆ ಗುಣಿಸಿ, ಮೇಲೆ ಮತ್ತು ಕೆಳಗೆ ಬಂದ ಒಂದೇ ಏಕಮಾನವನ್ನು ಹೊಡೆದುಹಾಕಲಾಗುತ್ತದೆ. ಕೊನೆಯಲ್ಲಿ ಬೇಕಾದ ಏಕಮಾನ ಮಾತ್ರ ಉಳಿದಿದ್ದರೆ ಕ್ರಮ ಸರಿಯಾಗಿದೆ. ಬೇರೇನಾದರೂ ಉಳಿದಿದ್ದರೆ ಉತ್ತರವನ್ನು ನೋಡುವ ಮೊದಲೇ ಅದು ತಪ್ಪೆಂದು ತಿಳಿಯುತ್ತದೆ.

ಪಹಣಿಯಲ್ಲಿ ಹನ್ನೆರಡೂವರೆ ಸೆಂಟ್ಸ್ ಇರುವ ನಿವೇಶನವನ್ನು ಚದರ ಮೀಟರ್‌ಗೆ ಪರಿವರ್ತಿಸಬೇಕೆಂದು ಭಾವಿಸಬಹುದು.

12.5 ಸೆಂಟ್ಸ್ × (435.6 ಚದರ ಅಡಿ ÷ 1 ಸೆಂಟ್) = 5,445 ಚದರ ಅಡಿ

ಇಲ್ಲಿ ಸೆಂಟ್ ಮೇಲೆಯೂ ಕೆಳಗೂ ಇರುವುದರಿಂದ ಕಳೆದುಹೋಗಿ ಚದರ ಅಡಿ ಉಳಿಯಿತು. ಮುಂದಿನ ಹೆಜ್ಜೆಯಲ್ಲಿಯೇ ಹಲವರು ಎಡವುತ್ತಾರೆ. ಒಂದು ಅಡಿ ಎಂದರೆ 0.3048 ಮೀಟರ್, 1959ರ ಅಂತಾರಾಷ್ಟ್ರೀಯ ಒಪ್ಪಂದದಿಂದ ಇದು ಖಚಿತವಾದ ಸಂಖ್ಯೆ. 5,445ನ್ನು 0.3048ರಿಂದ ಒಮ್ಮೆ ಗುಣಿಸಿದರೆ 1,659.6 ಎಂಬ ಉತ್ತರ ಬರುತ್ತದೆ. ಆದರೆ ಚದರ ಅಡಿ ಎಂಬುದು ಅಡಿ × ಅಡಿ. ಒಂದು ಬಾರಿ ಗುಣಿಸಿದಾಗ ಒಂದು ಅಡಿ ಮಾತ್ರ ಕಳೆದು, ಉಳಿದದ್ದು ‘ಅಡಿ × ಮೀಟರ್’ ಆಗುತ್ತದೆ. ಅಂತಹ ಏಕಮಾನವು ಯಾವ ಕಚೇರಿಯ ದಾಖಲೆಯಲ್ಲಿಯೂ ಇಲ್ಲ. ಸರಿಯಾದ ಕ್ರಮ ಈ ರೀತಿ:

5,445 ಅಡಿ × ಅಡಿ × (0.3048 ಮೀಟರ್ ÷ 1 ಅಡಿ) × (0.3048 ಮೀಟರ್ ÷ 1 ಅಡಿ) = 505.86 ಚದರ ಮೀಟರ್

ಉದ್ದವನ್ನು ಪರಿವರ್ತಿಸುವ ಸಂಖ್ಯೆಯನ್ನು ವಿಸ್ತೀರ್ಣಕ್ಕೆ ಎರಡು ಬಾರಿ ಬಳಸತಕ್ಕದ್ದು. ಇದನ್ನು ಮರೆತಾಗ ಆಗುವ ವ್ಯತ್ಯಾಸವು ಅಲ್ಪವಲ್ಲ. 40 ಅಡಿ × 60 ಅಡಿ ಅಳತೆಯ ನಿವೇಶನವು 2,400 ಚದರ ಅಡಿ, ಅಂದರೆ 222.97 ಚದರ ಮೀಟರ್ ಅಥವಾ ಸುಮಾರು ಐದೂವರೆ ಸೆಂಟ್ಸ್. ‘ಒಂದು ಮೀಟರ್‌ಗೆ 3.28 ಅಡಿ’ ಎಂದು 2,400ನ್ನು 3.28ರಿಂದ ಒಮ್ಮೆ ಭಾಗಿಸಿದರೆ 731.7 ಬರುತ್ತದೆ. ಇದನ್ನು ಚದರ ಮೀಟರ್ ಎಂದು ಬರೆದರೆ ಐದೂವರೆ ಸೆಂಟ್ಸ್ ನಿವೇಶನವು ಕಾಗದದ ಮೇಲೆ ಹದಿನೆಂಟು ಸೆಂಟ್ಸ್ ಆಗುತ್ತದೆ. ಕಟ್ಟಡ ಪರವಾನಗಿಯ ನಕ್ಷೆಯನ್ನು ಮೀಟರ್‌ಗಳಲ್ಲಿ ಸಲ್ಲಿಸಬೇಕಾದವರು ಮೊದಲು 40 ಮತ್ತು 60 ಅಡಿಗಳನ್ನು ಪ್ರತ್ಯೇಕವಾಗಿ 12.19 ಮತ್ತು 18.29 ಮೀಟರ್‌ಗಳೆಂದು ಪರಿವರ್ತಿಸಿ ಅನಂತರ ಗುಣಿಸಿದರೆ ಈ ತಪ್ಪಿಗೆ ಎಡೆಯೇ ಇರುವುದಿಲ್ಲ.

‘20 ಚದರ ಅಡಿ’ ಮತ್ತು ‘20 ಅಡಿ ಚದರ’ ಎಂಬುವು ಬೇರೆ ಬೇರೆ ಎಂಬುದನ್ನೂ ಗಮನಿಸಬೇಕು. ಎರಡನೆಯದು ನಾಲ್ಕೂ ಬದಿ 20 ಅಡಿ ಇರುವ ಜಾಗ. ಅದರ ವಿಸ್ತೀರ್ಣ 400 ಚದರ ಅಡಿ.

ಸೆಂಟ್ಸ್ ಇಲ್ಲಿ, ಗುಂಟೆ ಘಟ್ಟದ ಮೇಲೆ

ಕರ್ನಾಟಕದ ಹೆಚ್ಚಿನ ಜಿಲ್ಲೆಗಳಲ್ಲಿ ಪಹಣಿಯು ಎಕರೆ ಮತ್ತು ಗುಂಟೆಗಳಲ್ಲಿದ್ದರೆ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಎಕರೆ ಮತ್ತು ಸೆಂಟ್ಸ್‌ಗಳಲ್ಲಿದೆ. ಇದಕ್ಕೆ ಕಾರಣ ಆಡಳಿತದ ಇತಿಹಾಸ. 1997ರ ಆಗಸ್ಟ್ 25ರಂದು ಉಡುಪಿ ಜಿಲ್ಲೆ ರಚನೆಯಾಗುವವರೆಗೆ ಈ ತಾಲ್ಲೂಕುಗಳು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಆ ಜಿಲ್ಲೆಯು ಮದರಾಸಿನ ಆಡಳಿತದಲ್ಲಿತ್ತು. ಅಲ್ಲಿನ ಭೂಮಾಪನದಲ್ಲಿ ಬಳಕೆಯಾದುದು ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗುಂಟರ್ 17ನೇ ಶತಮಾನದಲ್ಲಿ ರೂಪಿಸಿದ 66 ಅಡಿ ಉದ್ದದ, 100 ಲಿಂಕ್‌ಗಳ ಸರಪಳಿ. ಹತ್ತು ಚದರ ಸರಪಳಿಗೆ ಒಂದು ಎಕರೆ. ಆದುದರಿಂದ ಒಂದು ಎಕರೆಗೆ ಒಂದು ಲಕ್ಷ ಚದರ ಲಿಂಕ್, ಒಂದು ಸೆಂಟ್‌ಗೆ ಒಂದು ಸಾವಿರ ಚದರ ಲಿಂಕ್. ಹಳೆಯ ನಕ್ಷೆಯಲ್ಲಿ ಆಯತಾಕಾರದ ತುಂಡಿನ ಬದಿಗಳು 50 ಮತ್ತು 100 ಲಿಂಕ್ ಎಂದಿದ್ದರೆ ಗುಣಲಬ್ಧ 5,000ವನ್ನು ಸಾವಿರದಿಂದ ಭಾಗಿಸಿದ ಕೂಡಲೇ ಐದು ಸೆಂಟ್ಸ್ ದೊರೆಯುತ್ತದೆ. ಅದೇ ತುಂಡನ್ನು ಅಡಿಗಳಲ್ಲಿ ಅಳೆದರೆ 33 × 66 = 2,178 ಚದರ ಅಡಿ, ಅಂದರೆ ಐದು ಸೆಂಟ್ಸ್. ಎರಡು ದಾರಿಗಳಿಂದ ಒಂದೇ ಉತ್ತರ ಬರುವುದು ಒಳ್ಳೆಯ ಪರೀಕ್ಷೆ.

ಮುಂಬಯಿ ಮತ್ತು ಮೈಸೂರು ಭಾಗಗಳಲ್ಲಿ 33 ಅಡಿಯ, 16 ಆಣೆಗಳ ಸರಪಳಿಯಿಂದ ಅಳತೆ ನಡೆಯಿತು. 33 ಅಡಿ ಉದ್ದ, 33 ಅಡಿ ಅಗಲದ ಜಾಗವೇ ಒಂದು ಗುಂಟೆ. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಆಡಳಿತಕ್ಕೆ ಸೇರಿದುದರಿಂದ ಬೈಂದೂರಿನಲ್ಲಿ ಸೆಂಟ್ಸ್, ಜಿಲ್ಲೆಯ ಗಡಿ ದಾಟಿದ ಭಟ್ಕಳದಲ್ಲಿ ಗುಂಟೆ ಎಂಬ ಸ್ಥಿತಿ ಇಂದಿಗೂ ಇದೆ. ಕಾರ್ಕಳ ಅಥವಾ ಹೆಬ್ರಿಯಿಂದ ಘಟ್ಟ ಹತ್ತಿ ಶೃಂಗೇರಿ, ತೀರ್ಥಹಳ್ಳಿಗಳತ್ತ ಹೋದರೂ ಹೀಗೆಯೇ. ಗಡಿಯಾಚೆಯ ಕಾಸರಗೋಡಿನಲ್ಲಿ ಜಮೀನು ಹೊಂದಿರುವ ಕುಟುಂಬಗಳು ಕೇರಳದ ದಾಖಲೆಗಳಲ್ಲಿ ಹೆಕ್ಟೇರ್ ಮತ್ತು ಆರ್‌ಗಳನ್ನು ಕಾಣುತ್ತವೆ.

ಸೆಂಟ್ಸ್ ಎಂಬುದು ಎಕರೆಯ ನೂರನೆಯ ಒಂದು ಭಾಗವಾದುದರಿಂದ 1 ಎಕರೆ 25 ಸೆಂಟ್ಸ್ ಅನ್ನು 1.25 ಎಕರೆ ಎಂದು ಬರೆಯಬಹುದು. ಗುಂಟೆಯು ನಲವತ್ತನೆಯ ಒಂದು ಭಾಗ. ಆದುದರಿಂದ ಘಟ್ಟದ ಮೇಲಿನ ಪಹಣಿಯಲ್ಲಿ ‘1-25’ ಎಂದಿದ್ದರೆ ಅದು 1.625 ಎಕರೆಯೇ ಹೊರತು 1.25 ಅಲ್ಲ. ಅಂಕಿಗಳ ನಡುವೆ ಚುಕ್ಕೆಯನ್ನು ಇಟ್ಟ ಮಾತ್ರಕ್ಕೆ ಅದು ದಶಮಾಂಶವಾಗುವುದಿಲ್ಲ.

ಈ ವ್ಯತ್ಯಾಸವು ಸೌಲಭ್ಯದ ಅರ್ಹತೆಯನ್ನೇ ಬದಲಿಸಬಹುದು. ಒಬ್ಬ ಕೃಷಿಕರಿಗೆ ಕಾರ್ಕಳ ತಾಲ್ಲೂಕಿನಲ್ಲಿ 1 ಎಕರೆ 10 ಸೆಂಟ್ಸ್, ತೀರ್ಥಹಳ್ಳಿ ತಾಲ್ಲೂಕಿನಲ್ಲಿ 1 ಎಕರೆ 20 ಗುಂಟೆ ಜಮೀನು ಇದೆ ಎಂದುಕೊಳ್ಳೋಣ. ಎರಡೂ ಪಹಣಿಗಳ ಅಂಕಿಗಳನ್ನು ಹಾಗೆಯೇ ಕೂಡಿಸಿದರೆ 2.30 ಎಕರೆ, ಅಂದರೆ 0.93 ಹೆಕ್ಟೇರ್ ಎಂದು ತೋರುತ್ತದೆ. ವಾಸ್ತವವಾಗಿ 20 ಗುಂಟೆ ಎಂದರೆ 50 ಸೆಂಟ್ಸ್. ಒಟ್ಟು ಹಿಡುವಳಿ 2.60 ಎಕರೆ, ಅಂದರೆ 1.05 ಹೆಕ್ಟೇರ್. ಸಾಮಾನ್ಯ ವರ್ಗೀಕರಣದಂತೆ ಒಂದು ಹೆಕ್ಟೇರ್‌ವರೆಗಿನ ಹಿಡುವಳಿದಾರರು ಅತಿ ಸಣ್ಣ ರೈತರು, ಅದಕ್ಕೂ ಮೇಲ್ಪಟ್ಟು ಎರಡು ಹೆಕ್ಟೇರ್‌ವರೆಗಿನವರು ಸಣ್ಣ ರೈತರು. ತಪ್ಪು ಕೂಡಿಕೆಯಿಂದ ಪಡೆದ ಪ್ರಮಾಣ ಪತ್ರವು ಮುಂದೆ ಪರಿಶೀಲನೆಯಲ್ಲಿ ನಿಲ್ಲುವುದಿಲ್ಲ. ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸುವವರು ಎಲ್ಲ ಜಮೀನುಗಳನ್ನೂ ಮೊದಲು ಒಂದೇ ಏಕಮಾನಕ್ಕೆ ತಂದು ಆಮೇಲೆ ಕೂಡಿಸತಕ್ಕದ್ದು.

ಸೊನ್ನೆಯ ಬಗ್ಗೆ ಒಂದು ಮಾತು. 1 ಎಕರೆ 5 ಸೆಂಟ್ಸ್ ಎಂಬುದು 1.05 ಎಕರೆ. ‘1.5’ ಎಂದು ಬರೆದರೆ ಓದುವವರು ಒಂದೂವರೆ ಎಕರೆ ಎಂದೇ ತಿಳಿಯುವರು. ಎಕರೆ, ಸೆಂಟ್ಸ್ ಮತ್ತು ಸೆಂಟ್ಸ್‌ನ ಭಾಗ ಎಂದು ಮೂರು ಮನೆಗಳಿರುವ ದಾಖಲೆಯಲ್ಲಿ ‘0-12-50’ ಎಂದರೆ ಹನ್ನೆರಡೂವರೆ ಸೆಂಟ್ಸ್. ಪಹಣಿಯಿಂದ ಅಂಕಿಯನ್ನು ತೆಗೆದುಕೊಳ್ಳುವಾಗ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಖರಾಬು ಮತ್ತು ಅರ್ಜಿದಾರರ ಹೆಸರಿನ ಮುಂದಿರುವ ವಿಸ್ತೀರ್ಣ ಇವುಗಳಲ್ಲಿ ಯಾವುದು ಬೇಕೆಂಬುದನ್ನೂ ನೋಡಿಕೊಳ್ಳಬೇಕು. ಪರಿವರ್ತನೆ ಎಷ್ಟೇ ಸರಿಯಾಗಿದ್ದರೂ ತಪ್ಪು ಕಾಲಂನ ಅಂಕಿಯಿಂದ ಪ್ರಯೋಜನವಿಲ್ಲ.

ಹೆಕ್ಟೇರ್‌ನಲ್ಲಿರುವ ಅಧಿಸೂಚನೆಗಳು

ಹೆದ್ದಾರಿ ಅಗಲೀಕರಣದ ಸಂದರ್ಭದಲ್ಲಿ ಕಾಪು, ಪಡುಬಿದ್ರಿ, ಮಣಿಪಾಲ, ಕಾರ್ಕಳ ಮುಂತಾದ ಕಡೆಗಳ ಭೂಮಾಲೀಕರಿಗೆ ಹೆಕ್ಟೇರ್‌ನ ಸಣ್ಣ ದಶಮಾಂಶಗಳು ಎದುರಾಗುತ್ತವೆ. ಸ್ವಾಧೀನಕ್ಕೆ ಒಳಪಡುವ ಭಾಗ 0.0324 ಹೆಕ್ಟೇರ್ ಎಂದಿದೆ ಎಂದು ಭಾವಿಸಬಹುದು. ಸೆಂಟ್ಸ್ ಎಂಬುದು ಎಕರೆಯ ನೂರನೆಯ ಭಾಗವೆಂಬ ಅಭ್ಯಾಸದಿಂದ ಕೆಲವರು ಇದನ್ನು 3.24 ಸೆಂಟ್ಸ್ ಎಂದು ಓದುತ್ತಾರೆ. ಹೆಕ್ಟೇರ್‌ನ ನೂರನೆಯ ಭಾಗವು ಆರ್, ಸೆಂಟ್ ಅಲ್ಲ.

0.0324 ಹೆಕ್ಟೇರ್ × (10,000 ಚದರ ಮೀಟರ್ ÷ 1 ಹೆಕ್ಟೇರ್) × (1 ಸೆಂಟ್ ÷ 40.4686 ಚದರ ಮೀಟರ್) = 8.01 ಸೆಂಟ್ಸ್

ಮೂರೂಕಾಲು ಸೆಂಟ್ಸ್ ಹೋಗುವುದೆಂದು ನಂಬಿದ ಕುಟುಂಬದ ಎಂಟು ಸೆಂಟ್ಸ್ ಹೋಗುತ್ತಿದೆ. ಮನೆ, ಬಾವಿ, ತೆಂಗಿನ ಮರಗಳು ಗಡಿಯ ಒಳಗೋ ಹೊರಗೋ ಎಂಬುದು ಈ ವ್ಯತ್ಯಾಸದಲ್ಲಿಯೇ ಅಡಗಿರಬಹುದು. ಆಕ್ಷೇಪಣೆ ಸಲ್ಲಿಸಲು ನಿಗದಿತ ಅವಧಿ ಇರುವುದರಿಂದ ಅಧಿಸೂಚನೆ ಕೈಸೇರಿದ ಕೂಡಲೇ ವಿಸ್ತೀರ್ಣವನ್ನು ತಮಗೆ ಪರಿಚಿತವಾದ ಏಕಮಾನಕ್ಕೆ ತಂದುಕೊಳ್ಳುವುದು ಕ್ಷೇಮ.

ದರದ ಪರಿವರ್ತನೆ

ನಿವೇಶನದ ಮಾರ್ಗಸೂಚಿ ಬೆಲೆಯನ್ನು ನೋಡುವಾಗ ಅದು ಯಾವ ಏಕಮಾನಕ್ಕೆ ನಿಗದಿಯಾಗಿದೆ ಎಂಬುದನ್ನು ಮೊದಲು ಓದಬೇಕು. ದರದಲ್ಲಿ ಏಕಮಾನವು ಕೆಳಗಿರುತ್ತದೆ, ಆದುದರಿಂದ ಪರಿವರ್ತನೆಯ ದಿಕ್ಕು ತಿರುಗುತ್ತದೆ. ಲೆಕ್ಕಕ್ಕಾಗಿ ಮಾತ್ರ ಸೆಂಟ್ ಒಂದಕ್ಕೆ 2,00,000 ರೂಪಾಯಿ ಎಂದು ಇಟ್ಟುಕೊಂಡರೆ:

(2,00,000 ರೂಪಾಯಿ ÷ 1 ಸೆಂಟ್) × (1 ಸೆಂಟ್ ÷ 435.6 ಚದರ ಅಡಿ) = ಚದರ ಅಡಿಗೆ 459.14 ರೂಪಾಯಿ

ಅದೇ ದರವು ಚದರ ಮೀಟರ್‌ಗೆ 4,942 ರೂಪಾಯಿ, ಗುಂಟೆಗೆ 5,00,000 ರೂಪಾಯಿ. ಸೆಂಟ್ಸ್‌ನಿಂದ ಗುಂಟೆಗೆ ಬಂದಾಗ ವಿಸ್ತೀರ್ಣದ ಅಂಕಿಯು ಕಡಿಮೆಯಾಗಿ ದರದ ಅಂಕಿಯು ಹೆಚ್ಚುತ್ತದೆ. ಒಟ್ಟು ಮೌಲ್ಯ ಬದಲಾಗುವುದಿಲ್ಲ. ಬದಲಾದರೆ ಎಲ್ಲಿಯೋ ಗುಣಾಕಾರವು ಭಾಗಾಕಾರವಾಗಿದೆ ಎಂದು ತಿಳಿಯಬೇಕು. ಘಟ್ಟದ ಮೇಲಿನ ಬಂಧುಗಳು ಹೇಳಿದ ಗುಂಟೆಯ ದರವನ್ನು ಸೆಂಟ್ಸ್‌ನ ದರವೆಂದು ತಿಳಿದು ಮುಂಗಡ ಕೊಟ್ಟವರು ಎರಡೂವರೆ ಪಟ್ಟು ಬೆಲೆಗೆ ಒಪ್ಪಿದಂತಾಗುತ್ತದೆ.

ಮಣಿಪಾಲ ಮತ್ತು ಉಡುಪಿ ನಗರದ ವಸತಿ ಸಮುಚ್ಚಯಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಕ್ರಯಪತ್ರದಲ್ಲಿ ಮನೆಯ ವಿಸ್ತೀರ್ಣ 1,000 ಚದರ ಅಡಿ ಎಂದೂ, ಭೂಮಿಯಲ್ಲಿನ ಅವಿಭಜಿತ ಹಕ್ಕು 0.85 ಸೆಂಟ್ಸ್ ಎಂದೂ ಇರಬಹುದು. 0.85 ಸೆಂಟ್ಸ್ ಎಂದರೆ 370.26 ಚದರ ಅಡಿ. ಇವೆರಡೂ ವಿಸ್ತೀರ್ಣಗಳೇ ಆದರೂ ಒಂದು ಮಹಡಿಯದು, ಇನ್ನೊಂದು ನೆಲದ್ದು. ಇವು ಸಮವಾಗಬೇಕೆಂದೇನೂ ಇಲ್ಲ. ಅಂತೆಯೇ 1,000 ಚದರ ಅಡಿಯನ್ನು 92.90 ಚದರ ಮೀಟರ್ ಎಂದು ಬರೆದ ಮಾತ್ರಕ್ಕೆ, ಗೋಡೆ ಹಾಗೂ ಮೆಟ್ಟಿಲುಗಳ ಪಾಲು ಸೇರಿದ ಮಾರಾಟದ ವಿಸ್ತೀರ್ಣವು 2016ರ ರಿಯಲ್ ಎಸ್ಟೇಟ್ ಕಾಯ್ದೆಯ ಕಾರ್ಪೆಟ್ ವಿಸ್ತೀರ್ಣವಾಗುವುದಿಲ್ಲ. ಏಕಮಾನಗಳು ತಾಳೆಯಾಗುವುದು ಅಗತ್ಯ, ಆದರೆ ಅಷ್ಟೇ ಸಾಲದು.

ವಿಸ್ತೀರ್ಣವಲ್ಲದ ಅಳತೆಗಳು

ಕರಾವಳಿಯ ದಾಖಲೆಗಳಲ್ಲಿ ವಿಸ್ತೀರ್ಣದಂತೆ ತೋರಿದರೂ ವಿಸ್ತೀರ್ಣವಲ್ಲದ ಅಳತೆಗಳಿವೆ. ಕಾಪು, ಮಲ್ಪೆಗಳ ಸಮುದ್ರ ತೀರದಲ್ಲಿ ಭರತದ ರೇಖೆಯಿಂದ ಇಷ್ಟು ಮೀಟರ್ ಎಂದು ಹೇಳುವ ಕರಾವಳಿ ನಿಯಂತ್ರಣ ವಲಯದ ಮಿತಿಯು ದೂರ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮಿನಲ್ಲಿ ಉಲ್ಲೇಖವಿರುವ ಕುಮ್ಕಿ ಸೌಲಭ್ಯದ ಬಗ್ಗೆ ವರ್ಗ ಜಮೀನಿನ ಅಂಚಿನಿಂದ ನೂರು ಗಜ ಎಂದು ಹೇಳುವ ರೂಢಿಯೂ ದೂರವನ್ನೇ ಸೂಚಿಸುತ್ತದೆ. ನೂರು ಗಜ ಎಂದರೆ 91.44 ಮೀಟರ್ ಉದ್ದ. ನೂರು ಚದರ ಗಜ ಎಂದರೆ ಎರಡು ಸೆಂಟ್ಸ್‌ಗಿಂತ ತುಸು ಹೆಚ್ಚಿನ ಜಾಗ. ‘ಚದರ’ ಎಂಬ ಒಂದು ಪದದ ಸೇರ್ಪಡೆಯಿಂದ ಅರ್ಥ ಪೂರ್ತಿ ಬದಲಾಗುತ್ತದೆ.

ಹಳೆಯ ಗೇಣಿ ಚೀಟಿ ಮತ್ತು ವಿಭಾಗ ಪತ್ರಗಳಲ್ಲಿ ‘ಇಷ್ಟು ಮುಡಿ ಬೀಜ ಬಿತ್ತುವ ಗದ್ದೆ’ ಅಥವಾ ‘ಇಷ್ಟು ಮುಡಿ ಗೇಣಿಯ ಗದ್ದೆ’ ಎಂಬ ವಿವರಣೆಗಳು ದೊರೆಯುತ್ತವೆ. ಮುಡಿಯು ಧಾನ್ಯದ ಅಳತೆ. ಧಾನ್ಯದ ಅಳತೆಯನ್ನು ಸೆಂಟ್ಸ್‌ಗೆ ತರಲು ‘ಒಂದು ಸೆಂಟ್‌ಗೆ ಇಷ್ಟು ಬೀಜ’ ಎಂಬ ದರವು ಬೇಕು. ಅದು ಬೈಲು, ಮಜಲು, ಬೆಟ್ಟು ಗದ್ದೆಗಳಿಗೆ ಒಂದೇ ಆಗಿರಲಿಲ್ಲ. ಬಿತ್ತುವ ಕ್ರಮಕ್ಕೆ ತಕ್ಕಂತೆಯೂ ಬದಲಾಗುತ್ತಿತ್ತು. ಗೇಣಿಯಂತೂ ಫಸಲಿನ ಪಾಲು. ಅದರಿಂದ ಗದ್ದೆಯ ಗಾತ್ರವನ್ನು ಕಂಡುಹಿಡಿಯುವಂತಿಲ್ಲ. ಆದುದರಿಂದ ‘ಒಂದು ಮುಡಿಗೆ ಇಷ್ಟು ಸೆಂಟ್ಸ್’ ಎಂದು ಸಾರ್ವತ್ರಿಕ ಸೂತ್ರವನ್ನು ಹೇಳುವವರ ಮಾತಿನ ಮೇಲೆ ಅರ್ಜಿಯನ್ನು ತುಂಬಬಾರದು. ಇಂತಹ ಪತ್ರಗಳ ವಿಷಯದಲ್ಲಿ ಸರ್ವೆ ನಂಬರು, ಚಕ್ಕುಬಂದಿ ಮತ್ತು ಭೂಮಾಪನ ದಾಖಲೆಗಳೇ ಆಧಾರ.

ಅಂಕಿಗಳನ್ನು ಸರಿಹೊಂದಿಸುವುದು

ದಶಮಾಂಶಗಳನ್ನು ಕೊನೆಯ ಉತ್ತರದಲ್ಲಿ ಮಾತ್ರ ಮೊಟಕುಗೊಳಿಸಬೇಕು. ‘ಸೆಂಟ್‌ಗೆ 40 ಚದರ ಮೀಟರ್’ ಎಂಬ ಬಾಯಿಲೆಕ್ಕವು ಮೂರು ಸೆಂಟ್ಸ್ ನಿವೇಶನಕ್ಕೆ ಅಂದಾಜಿನ ಮಟ್ಟಿಗೆ ಸಾಕು. 1 ಎಕರೆ 85 ಸೆಂಟ್ಸ್‌ಗೆ ಇದರಂತೆ 7,400 ಚದರ ಮೀಟರ್ ಬರುತ್ತದೆ. ನಿಜವಾದ ವಿಸ್ತೀರ್ಣ 7,486.69 ಚದರ ಮೀಟರ್. ವ್ಯತ್ಯಾಸದ 86.69 ಚದರ ಮೀಟರ್ ಎಂದರೆ ಎರಡು ಸೆಂಟ್ಸ್‌ಗೂ ಮಿಕ್ಕಿದ ಜಾಗ. ಅರ್ಜಿಯಲ್ಲಿ ಚದರ ಮೀಟರ್‌ನ ಅಂಕಿಯ ಜೊತೆಗೆ ಪಹಣಿಯಲ್ಲಿರುವ ಮೂಲ ಅಂಕಿಯನ್ನೂ ನಮೂದಿಸಿದಲ್ಲಿ ಪರಿಶೀಲಿಸುವವರಿಗೆ ಸುಲಭವಾಗುತ್ತದೆ.

ನಾಲ್ಕು ಬದಿಗಳೂ ಅಸಮವಾಗಿರುವ ನಿವೇಶನದಲ್ಲಿ ಎದುರು ಬದಿಗಳ ಸರಾಸರಿಗಳನ್ನು ಗುಣಿಸುವ ಪದ್ಧತಿಯು ನಿಜವಾದ ವಿಸ್ತೀರ್ಣಕ್ಕಿಂತ ಹೆಚ್ಚಿನ ಅಂಕಿಯನ್ನೇ ಕೊಡುತ್ತದೆ. ಮೂಲೆಗಳು ಓರೆಯಾದಷ್ಟೂ ಈ ಹೆಚ್ಚಳವೂ ಬೆಳೆಯುತ್ತದೆ. ಕರ್ಣವೊಂದನ್ನು ಎಳೆದು ಎರಡು ತ್ರಿಕೋನಗಳಾಗಿ ಲೆಕ್ಕ ಹಾಕುವುದು ಸರಿಯಾದ ಕ್ರಮ.

ಸರಿಯಾಗಿ ಪರಿವರ್ತಿಸಿದ ಬಳಿಕವೂ ಪಹಣಿಯ ವಿಸ್ತೀರ್ಣಕ್ಕೂ ಸ್ಥಳದ ಅಳತೆಗೂ ವ್ಯತ್ಯಾಸ ಕಂಡುಬಂದಲ್ಲಿ ಅದು ಏಕಮಾನದ ಪ್ರಶ್ನೆಯಲ್ಲ, ಅಳತೆಯ ಅಥವಾ ಗಡಿಯ ಪ್ರಶ್ನೆ. ಅಂತಹ ಸಂದರ್ಭದಲ್ಲಿ ಅಂಕಿಗಳನ್ನು ಹೊಂದಿಸಿ ಬರೆಯದೆ, ಪಹಣಿ ಮತ್ತು ಲಭ್ಯವಿರುವ ನಕ್ಷೆಯ ಪ್ರತಿಯೊಡನೆ ಹದ್ದುಬಸ್ತು ಅಳತೆಗಾಗಿ ಅರ್ಜಿ ಸಲ್ಲಿಸತಕ್ಕದ್ದು. ಪರವಾನಗಿ ಹೊಂದಿದ ಅಥವಾ ಸರ್ಕಾರಿ ಭೂಮಾಪಕರು ಅಳತೆಗೆ ಬರುವ ದಿನ ಅಕ್ಕಪಕ್ಕದ ಹಿಡುವಳಿದಾರರಿಗೂ ತಿಳುವಳಿಕೆ ಪತ್ರ ತಲುಪಿರಬೇಕಾದುದರಿಂದ ಅರ್ಜಿಯಲ್ಲಿ ಅವರ ಹೆಸರು ಮತ್ತು ವಿಳಾಸಗಳನ್ನು ಬಿಟ್ಟುಬಿಡದೆ ನಮೂದಿಸಬೇಕು.